ಟ್ರಾಕ್ಟರಿಗೆ ಉಪಕರಣ ಹೂಡುವ ಕ್ರಮವೂ ಯಜಮಾನರ ಹೊಣೆಯೂ

ಎತ್ತುಗಳಿಂದ ಆರಂಭ ಮಾಡುತ್ತಿದ್ದ ಕಾಲದಲ್ಲಿ ನೊಗ ಹೂಡುವ ಕೆಲಸವನ್ನು ಯಾವ ಯಜಮಾನನೂ ಅಲಕ್ಷ್ಯದಿಂದ ಕಾಣುತ್ತಿರಲಿಲ್ಲ. ಯಾವ ಎತ್ತು ಎಡಕ್ಕೆ, ಯಾವುದು ಬಲಕ್ಕೆ, ಮಿಣಿ ಸವೆದಿದೆಯೇ, ಜತ್ತಿಗೆ ಬಿಗಿಯಾಗಿದೆಯೇ, ಈಸಿನಲ್ಲಿ ಬಿರುಕು ಬಿಟ್ಟಿದೆಯೇ ಎಂಬುದನ್ನು ಬೆಳಗಿನ ಜಾವದಲ್ಲಿ ಮನೆಯ ಹಿರಿಯನೇ ನಿಂತು ನೋಡುತ್ತಿದ್ದನು. ಹಾಯುವ ಹೋರಿಯ ಬಳಿಗೆ ಅರಿಯದ ಹುಡುಗನನ್ನು ಕಳುಹಿಸುವ ವಾಡಿಕೆ ಯಾವ ಗ್ರಾಮದಲ್ಲಿಯೂ ಇರಲಿಲ್ಲ. ಈಗ ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಣ ಗ್ರಾಮಗಳಲ್ಲಿ ಎತ್ತಿನ ಸ್ಥಾನಕ್ಕೆ ಟ್ರಾಕ್ಟರು ಬಂದಿದೆ. ಆದರೆ ಹಿಂದಿನ ಆ ಎಚ್ಚರವು ಅದರೊಡನೆ ಬರಲಿಲ್ಲ. ಯಜಮಾನನು ಹಣ ಕೊಟ್ಟು ಯಂತ್ರವನ್ನು ತರುತ್ತಾನೆ. ಬೀಗದ ಕೈಯನ್ನು ಚಾಲಕನ ವಶಕ್ಕೆ ಕೊಡುತ್ತಾನೆ. ಉಪಕರಣವನ್ನು ಹೂಡುವಾಗ ಟ್ರಾಕ್ಟರಿನ ಹಿಂಭಾಗಕ್ಕೂ ಉಪಕರಣಕ್ಕೂ ನಡುವೆ ನಿಂತು ಸರಳನ್ನು ತೂರಿಸುವ ಕೆಲಸವು ಯಾವನೋ ಕೂಲಿಯ ಹುಡುಗನ ಪಾಲಿಗೆ ಬೀಳುತ್ತದೆ. ಈ ಪದ್ಧತಿಯು ಸರಿಯಾದುದಲ್ಲವೆಂದೂ, ಹೂಡುವ ಕ್ರಮವನ್ನು ಗೊತ್ತುಮಾಡಿ ನಡೆಯಿಸತಕ್ಕ ಹೊಣೆಯು ಚಾಲಕನಿಗಿಂತ ಮೊದಲು ಯಂತ್ರದ ಒಡೆಯನದೆಂದೂ ಇಲ್ಲಿ ಪ್ರತಿಪಾದಿಸಲಾಗುವುದು.

ಉಳುವಾಗ ಆಗುವ ಅಪಾಯಗಳಿಗಿಂತ ಹೂಡುವಾಗ ಮತ್ತು ಬಿಚ್ಚುವಾಗ ಆಗುವ ಅಪಾಯಗಳು ಹೆಚ್ಚು ಮೋಸಕರವಾದುವು. ಉಳುವ ಕಾಲದಲ್ಲಿ ಚಾಲಕನು ಪೀಠದ ಮೇಲಿರುತ್ತಾನೆ. ಯಂತ್ರದ ಹಿಂದೆ ಯಾರೂ ಇರುವುದಿಲ್ಲ. ಹೂಡುವ ಕಾಲದಲ್ಲಿಯಾದರೋ ಎರಡು ಸಾವಿರ ಕಿಲೋಗ್ರಾಂ ತೂಗತಕ್ಕ ಟ್ರಾಕ್ಟರು ಒಂದು ಕಡೆ, ಸುಮಾರು ನಾನೂರು ಕಿಲೋಗ್ರಾಂ ತೂಗತಕ್ಕ ರೋಟವೇಟರು ಇನ್ನೊಂದು ಕಡೆ. ನಡುವಣ ಒಂದೆರಡು ಅಡಿಯ ಜಾಗದಲ್ಲಿ ಮನುಷ್ಯನ ದೇಹ. ಕೆಸರು ಮೆತ್ತಿದ ಕಾಲು ಕ್ಲಚ್ಚಿನ ಮೇಲಿಂದ ಜಾರಿದರೆ ಯಂತ್ರವು ಒಂದು ಅಡಿ ಹಿಂದಕ್ಕೆ ಸರಿಯುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆ ಒಂದು ಅಡಿಯೇ ನಿಂತವನ ಎದೆಯ ಅಗಲವಾಗಿರುತ್ತದೆ.

ಉಪಕರಣವನ್ನು ಮೂರು ಬಿಂದುಗಳಲ್ಲಿ ಬಂಧಿಸುವ ಈಗಿನ ಏರ್ಪಾಡು ಹುಟ್ಟಿದುದೇ ಅಪಾಯವನ್ನು ತಪ್ಪಿಸುವ ಉದ್ದೇಶದಿಂದ ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು. ೧೯೧೭ನೇ ಇಸವಿಯಲ್ಲಿ ಅಮೆರಿಕಾ ದೇಶದಲ್ಲಿ ತಯಾರಾಗಲಾರಂಭಿಸಿದ ಫೋರ್ಡ್‌ಸನ್ ಮುಂತಾದ ಟ್ರಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದುವು. ನೇಗಿಲಿನ ಕುಳವು ಬೇರಿಗೋ ಬಂಡೆಗೋ ತಗುಲಿ ನಿಂತುಬಿಟ್ಟಾಗ ಇಂಜಿನಿನ ಶಕ್ತಿಯು ಮುಂದೆ ಸಾಗಲಾರದೆ, ಹಿಂದಿನ ಅಚ್ಚಿನ ಸುತ್ತ ಟ್ರಾಕ್ಟರಿನ ಮೈಯನ್ನೇ ಎತ್ತಿ ಹಿಂದಕ್ಕೆ ಮಗುಚುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬ ಶಿಲ್ಪಜ್ಞನು ಈ ಕಷ್ಟವನ್ನು ನೋಡಿ, ನೇಗಿಲನ್ನೂ ಟ್ರಾಕ್ಟರನ್ನೂ ಒಂದೇ ಯಂತ್ರವಾಗಿ ಮಾಡುವ ಉಪಾಯವನ್ನು ಹುಡುಕಿದನು. ೧೯೨೬ನೇ ಇಸವಿಯಲ್ಲಿ ಅವನಿಗೆ ಇದರ ಹಕ್ಕುಪತ್ರವು ದೊರೆಯಿತು. ೧೯೩೯ರಲ್ಲಿ ಫೋರ್ಡ್ ಸಂಸ್ಥೆಯ ಟ್ರಾಕ್ಟರಿನೊಡನೆ ಈ ಏರ್ಪಾಡು ಬಹುಸಂಖ್ಯೆಯಲ್ಲಿ ರೈತರ ಕೈಸೇರಿತು. ಕೆಳಗಿನ ಎರಡು ತೋಳುಗಳು ಉಪಕರಣವನ್ನು ಎಳೆಯುತ್ತವೆ. ಮೇಲಿನ ಒಂದು ತೋಳು ಅದನ್ನು ತಡೆದು ಹಿಡಿಯುತ್ತದೆ. ಕುಳವು ನೆಲಕ್ಕೆ ಕಚ್ಚಿದಷ್ಟೂ ಮೇಲಿನ ತೋಳು ಟ್ರಾಕ್ಟರಿನ ಮುಂಭಾಗವನ್ನು ಕೆಳಕ್ಕೆ ಒತ್ತುತ್ತದೆ. ಈ ಮೂರರಲ್ಲಿ ಯಾವುದೊಂದನ್ನು ಬಿಟ್ಟು ಹೂಡಿದರೂ, ಹಗ್ಗ ಸರಪಣಿಗಳಿಂದ ಬದಲಿ ಮಾಡಿದರೂ, ಹಳೆಯ ಅಪಾಯವು ಹಾಗೆಯೇ ಮರಳಿ ಬರುವುದು.

ಹೂಡುವ ಕ್ರಮವು ಕಠಿಣವಾದುದಲ್ಲ. ಮೊದಲನೆಯದಾಗಿ, ಉಪಕರಣವು ಸಮನಾದ ಗಟ್ಟಿನೆಲದ ಮೇಲೆ, ತನ್ನ ಊರುಗೋಲಿನ ಮೇಲೆ ಅಲುಗದೆ ನಿಂತಿರಬೇಕು. ಗದ್ದೆಯ ಬದುವಿನ ಇಳಿಜಾರಿನಲ್ಲಿ, ಕಲ್ಲು ಕೊಟ್ಟು ಓರೆಯಾಗಿ ನಿಲ್ಲಿಸಿದ ಉಪಕರಣಕ್ಕೆ ಟ್ರಾಕ್ಟರನ್ನು ಹೂಡತಕ್ಕದ್ದಲ್ಲ. ಚಾಲಕನು ಅತಿ ನಿಧಾನವಾದ ಗೇರಿನಲ್ಲಿ ನೇರವಾಗಿ ಹಿಂದಕ್ಕೆ ಬಂದು, ಕೆಳತೋಳುಗಳ ರಂಧ್ರಗಳು ಉಪಕರಣದ ಗೂಟಗಳಿಗೆ ಎದುರಾದಾಗ ನಿಲ್ಲಿಸಬೇಕು. ಟ್ರಾಕ್ಟರು ಹಿಂದಕ್ಕೆ ಬರುತ್ತಿರುವಷ್ಟು ಹೊತ್ತೂ ನಡುವೆ ಯಾವ ಪ್ರಾಣಿಯೂ ಇರಕೂಡದು. ದಾರಿ ತೋರಿಸುವವನು ಪಕ್ಕದಲ್ಲಿ, ಚಾಲಕನ ಕಣ್ಣಿಗೆ ಕಾಣುವಂತೆ ನಿಲ್ಲಬೇಕು. ಆಮೇಲೆ ಗೇರನ್ನು ತಟಸ್ಥಕ್ಕೆ ತಂದು, ಕೈಬ್ರೇಕನ್ನು ಬಿಗಿದು, ಇಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು ಚಾಲಕನು ಕೆಳಗೆ ಇಳಿಯಬೇಕು. ಇಷ್ಟಾದ ಮೇಲೆಯೇ ಮನುಷ್ಯನು ನಡುವೆ ಪ್ರವೇಶಿಸತಕ್ಕದ್ದು.

ಮೊದಲು ಎಡಗಡೆಯ ಕೆಳತೋಳು, ಅನಂತರ ಬಲಗಡೆಯ ಕೆಳತೋಳು, ಕಡೆಗೆ ಮೇಲುತೋಳು: ಇದು ಹೂಡುವ ಅನುಕ್ರಮ. ಬಲಗಡೆಯ ತೋಳನ್ನು ಹಿಡಿಕೆಯಿಂದ ತಿರುಗಿಸಿ ಎತ್ತರಿಸುವುದಕ್ಕೂ ತಗ್ಗಿಸುವುದಕ್ಕೂ ಸಾಧ್ಯವಿರುವುದರಿಂದ ಎಡಗಡೆಯದನ್ನು ಮೊದಲು ಸೇರಿಸುವುದು ಯುಕ್ತವಾಗಿದೆ. ಮೇಲುತೋಳಿನ ಉದ್ದವನ್ನೂ ತಿರುಪಿನಿಂದ ಹೊಂದಿಸಬಹುದು. ರಂಧ್ರಗಳು ಎದುರಾಗದೆ ಹೋದರೆ ಇಂಜಿನನ್ನು ನಡೆಯಿಸಿ ಟ್ರಾಕ್ಟರನ್ನು ‘ಸ್ವಲ್ಪ ಹಿಂದಕ್ಕೆ’ ತರಿಸುವುದರ ಬದಲು ಈ ತಿರುಪುಗಳನ್ನು ಉಪಯೋಗಿಸಬೇಕು. ರಂಧ್ರ ಸರಿಯಾಗಿದೆಯೇ ಎಂದು ಬೆರಳನ್ನು ತೂರಿಸಿ ನೋಡುವ ಚಾಳಿಯಿಂದ ಬೆರಳುಗಳನ್ನು ಕಳೆದುಕೊಳ್ಳುವುದಾಗುತ್ತದೆ. ಪ್ರತಿಯೊಂದು ಗೂಟಕ್ಕೂ ಬಳೆಯುಳ್ಳ ಕಡಾಣಿಯನ್ನು ಹಾಕಿ, ಪಕ್ಕದ ಸರಪಣಿಗಳನ್ನು ಬಿಗಿದು, ಬಳಿಕ ಪೀಠದ ಮೇಲೆ ಕುಳಿತು ಉಪಕರಣವನ್ನು ನಿಧಾನವಾಗಿ ಒಂದು ಅಡಿ ಎತ್ತಿ ಇಳಿಸಿ ಪರೀಕ್ಷಿಸಬೇಕು. ಎತ್ತುವ ಸನ್ನೆಯನ್ನು ಕೆಳಗೆ ನಿಂತು, ಚಕ್ರಕ್ಕೂ ಉಪಕರಣಕ್ಕೂ ನಡುವಿನಿಂದ ಕೈಚಾಚಿ ಅಲುಗಿಸುವುದು ಎಂದಿಗೂ ಕೂಡದು.

ಬಿಚ್ಚುವಾಗ ಇದೇ ಕ್ರಮವು ತಿರುಗುಮುರುಗಾಗುತ್ತದೆ. ಉಪಕರಣವನ್ನು ಪೂರ್ಣವಾಗಿ ನೆಲಕ್ಕೆ ಇಳಿಸಿ, ಊರುಗೋಲು ಕೊಟ್ಟು, ಇಂಜಿನು ನಿಲ್ಲಿಸಿ, ಶಕ್ತಿ ಒಯ್ಯುವ ದಂಡವಿದ್ದರೆ ಮೊದಲು ಅದನ್ನು ಕಳಚಿ, ಮೇಲುತೋಳು, ಬಲತೋಳು, ಎಡತೋಳು ಹೀಗೆ ಬಿಚ್ಚತಕ್ಕದ್ದು. ಎತ್ತಿ ನಿಲ್ಲಿಸಿದ ಉಪಕರಣವನ್ನು ಮೇಲೆ ಹಿಡಿದಿರುವುದು ಎಣ್ಣೆಯ ಒತ್ತಡವೊಂದೇ. ಕೊಳವೆ ಒಡೆದರೆ, ಪೀಠದ ಮೇಲೆ ಆಟವಾಡುತ್ತಿದ್ದ ಮಗುವಿನ ಕೈ ಸನ್ನೆಗೆ ತಗುಲಿದರೆ, ಅದು ಕೆಳಗೆ ಬೀಳುತ್ತದೆ. ಆದಕಾರಣ ಎತ್ತಿದ ರೋಟವೇಟರಿನ ಅಲಗುಗಳಿಗೆ ಸುತ್ತಿಕೊಂಡ ಹುಲ್ಲನ್ನು ಬಿಡಿಸಲು ಅದರ ಕೆಳಗೆ ಕೈಯಿಡುವವನು, ಇಂಜಿನು ನಿಂತಿದ್ದು ದಿಮ್ಮಿಗಳನ್ನು ಒತ್ತುಕೊಟ್ಟಿದ್ದರೆ ಹೊರತು, ತನ್ನ ಪ್ರಾಣವನ್ನು ಒಂದು ರಬ್ಬರಿನ ಕೊಳವೆಗೆ ಒಪ್ಪಿಸಿದಂತೆಯೇ ಸರಿ.

ಗೂಟಗಳ ವಿಷಯವು ಭದ್ರಾವತಿಯ ಜನರಿಗೆ ವಿಶೇಷವಾಗಿ ಮನದಟ್ಟಾಗತಕ್ಕದ್ದು. ಒಂದನೆಯ ವರ್ಗದ ಏರ್ಪಾಡಿನಲ್ಲಿ ಮೇಲುತೋಳಿನ ಗೂಟವು ೧೯ ಮಿಲಿಮೀಟರು ದಪ್ಪವೂ ಕೆಳತೋಳಿನ ಗೂಟಗಳು ೨೨ ಮಿಲಿಮೀಟರು ದಪ್ಪವೂ ಇರುತ್ತವೆ. ಎರಡನೆಯ ವರ್ಗದಲ್ಲಿ ಇವು ಕ್ರಮವಾಗಿ ೨೫ ಮತ್ತು ೨೮ ಮಿಲಿಮೀಟರುಗಳು. ದೊಡ್ಡ ರಂಧ್ರದಲ್ಲಿ ಸಣ್ಣ ಗೂಟವನ್ನು ಹಾಕಿದರೆ ಅದು ಪ್ರತಿಯೊಂದು ಕುಲುಕಿಗೂ ಬಡಿದು ಬಡಿದು ಬಾಗುತ್ತದೆ. ಕಡೆಗೆ ಒಂದು ದಿನ ತುಂಡಾಗುತ್ತದೆ. ಗೂಟವು ಕಳೆದುಹೋದಾಗ ಮನೆ ಕಟ್ಟುವ ಕಬ್ಬಿಣದ ಸರಳನ್ನು ಕತ್ತರಿಸಿ ತೂರಿಸುವುದೂ, ಕಡಾಣಿಗೆ ಬದಲಾಗಿ ಮೊಳೆಯನ್ನು ಬಾಗಿಸಿ ಹಾಕುವುದೂ, ತಂತಿ ಸುತ್ತುವುದೂ ಅನೇಕ ಕಡೆ ಕಂಡುಬರುತ್ತದೆ. ಕಟ್ಟಡದ ಸರಳು ಗಾರೆಯೊಳಗೆ ಹುದುಗಿ ಎಳೆತವನ್ನು ತಾಳುವುದಕ್ಕಾಗಿ ಮಾಡಿದುದು. ಅಡ್ಡಲಾಗಿ ಬೀಳುವ ಕತ್ತರಿಪೆಟ್ಟನ್ನು ತಾಳುವುದಕ್ಕಾಗಿ ಹದಗೊಳಿಸಿದ ಉಕ್ಕು ಅದಲ್ಲ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ೧೯೨೩ನೇ ಇಸವಿಯಲ್ಲಿ ಕೆಲಸವನ್ನಾರಂಭಿಸಿದಂದಿನಿಂದ, ಯಾವ ಕಬ್ಬಿಣ ಯಾವ ಕೆಲಸಕ್ಕೆ ತಕ್ಕದ್ದು ಎಂಬ ತಿಳಿವಳಿಕೆಯು ಮನೆಮನೆಗೂ ಹಬ್ಬಿದೆ. ಅಂತಹ ಊರಿನ ಸುತ್ತಣ ಹೊಲಗಳಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರವು ಅಯೋಗ್ಯವಾದ ಸರಳಿನ ತುಂಡಿನ ಮೇಲೆ ನಿಂತಿರುವುದು ನಾಚಿಕೆಯ ಸಂಗತಿ.

ಇದಕ್ಕಿಂತಲೂ ಭಯಂಕರವಾದುದು ಶಕ್ತಿಯನ್ನು ಒಯ್ಯುವ ದಂಡ. ರೋಟವೇಟರು, ಮೆಕ್ಕೆಜೋಳ ಬಿಡಿಸುವ ಯಂತ್ರ, ಮೇವು ಕತ್ತರಿಸುವ ಯಂತ್ರ ಮುಂತಾದುವಕ್ಕೆ ಟ್ರಾಕ್ಟರಿನಿಂದ ಶಕ್ತಿ ಹರಿಯುವುದು ಇದರ ಮೂಲಕವೇ. ವಾಡಿಕೆಯ ವೇಗದಲ್ಲಿ ಇದು ನಿಮಿಷಕ್ಕೆ ೫೪೦ ಸುತ್ತು, ಎಂದರೆ ಸೆಕೆಂಡಿಗೆ ೯ ಸುತ್ತು ತಿರುಗುತ್ತದೆ. ಟ್ರಾಕ್ಟರಿನಿಂದ ಹೊರಚಾಚಿದ ತುದಿಯ ದಪ್ಪವು ೩೫ ಮಿಲಿಮೀಟರು. ಅದಕ್ಕೆ ಸಿಕ್ಕಿದ ಬಟ್ಟೆಯು ಸೆಕೆಂಡಿಗೆ ಎರಡು ಮೊಳದಷ್ಟು ಸುತ್ತಿಕೊಳ್ಳುತ್ತದೆ. ಕೀಲಿನ ಬಳಿ ದಂಡವು ೧೦ ಸೆಂಟಿಮೀಟರು ದಪ್ಪವಿದ್ದರೆ ಸೆಕೆಂಡಿಗೆ ಆರು ಮೊಳ. ಹೆಗಲ ಮೇಲಣ ವಸ್ತ್ರ, ಸಡಿಲವಾಗಿ ಉಟ್ಟ ಪಂಚೆ, ಹೆಣ್ಣಾಳಿನ ಸೀರೆಯ ಸೆರಗು, ಬಿಚ್ಚಿದ ಕೂದಲು, ಇವುಗಳಲ್ಲಿ ಒಂದರ ಅಂಚು ತಗುಲಿದರೂ ಕೂಗಿಕೊಳ್ಳುವುದರೊಳಗಾಗಿ ಎಲ್ಲವೂ ಮುಗಿದಿರುತ್ತದೆ. ಚಾಲಕನು ಎಷ್ಟು ಚುರುಕಾದವನಾದರೂ ಅಷ್ಟರಲ್ಲಿ ಯಂತ್ರವನ್ನು ನಿಲ್ಲಿಸಲಾರನು. ಆದಕಾರಣವೇ ತಯಾರಕರು ಈ ದಂಡಕ್ಕೆ ಕೊಳವೆಯಂತಹ ಹೊದಿಕೆಯನ್ನೂ, ಅದರ ತುದಿಗೆ ಕವಚವನ್ನೂ ಕೊಡುತ್ತಾರೆ. ಹೊದಿಕೆಯು ದಂಡದೊಡನೆ ತಿರುಗದಂತೆ ಅದರ ಸಣ್ಣ ಸರಪಣಿಯನ್ನು ಕಟ್ಟತಕ್ಕದ್ದು. ಹೊಸ ಉಪಕರಣವು ಬಂದ ಮೊದಲ ವರ್ಷದಲ್ಲಿಯೇ ಈ ಹೊದಿಕೆಯನ್ನು ಕಿತ್ತು ಕೊಟ್ಟಿಗೆಯ ಮೂಲೆಗೆ ಎಸೆಯುವ ರೂಢಿಯು ಅತ್ಯಂತ ಖಂಡನೀಯವಾದುದು.

ದಂಡವನ್ನು ಜೋಡಿಸುವಾಗ ಅದರ ಒಂದರೊಳಗೊಂದು ಜಾರುವ ಎರಡು ಭಾಗಗಳು ಕೆಲಸದ ಸ್ಥಿತಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಂತೆ ಒಂದರೊಳಗೊಂದು ಸೇರಿರಬೇಕು. ಉಪಕರಣವನ್ನು ಎತ್ತಿದಾಗ ತುದಿಗೆ ಒತ್ತಿಕೊಳ್ಳದಷ್ಟು ಅವಕಾಶವೂ ಇರಬೇಕು. ಎರಡು ಕಡೆಯ ಕವಲುಗಳು ಒಂದೇ ಸಮಪಾತಳಿಯಲ್ಲಿರಬೇಕು. ತುದಿಯ ಗುಂಡಿಯು ‘ಟಿಕ್’ ಎಂದು ಗಾಡಿಯೊಳಗೆ ಕುಳಿತ ಮೇಲೆ ಕೈಯಿಂದ ಒಮ್ಮೆ ಎಳೆದು ನೋಡಬೇಕು. ತಿರುಗುತ್ತಿರುವ ದಂಡವನ್ನು ದಾಟುವುದನ್ನು, ದಾಟಿ ಹೋಗುವುದು ಎಷ್ಟೇ ಹತ್ತಿರದ ದಾರಿಯಾದರೂ, ಯಜಮಾನನು ತಾನೂ ಮಾಡಕೂಡದು; ಪರರಿಗೂ ಬಿಡಕೂಡದು.

ಭದ್ರಾ ನಾಲೆಯ ಕೆಳಗಣ ಗದ್ದೆಗಳಲ್ಲಿ ಇನ್ನೊಂದು ಪ್ರಮಾದವುಂಟು. ಕೆಸರಿನಲ್ಲಿ ಟ್ರಾಕ್ಟರು ಹೂತುಕೊಂಡಾಗ ಇನ್ನೊಂದು ಟ್ರಾಕ್ಟರನ್ನು ತಂದು, ಸರಪಣಿಯನ್ನು ಅದರ ಮೇಲುತೋಳಿನ ಗೂಡಿಗೋ ಅಚ್ಚಿಗೋ ಕಟ್ಟಿ ಎಳೆಯುತ್ತಾರೆ. ಎಳೆತವು ಅಚ್ಚಿನ ಮಟ್ಟಕ್ಕಿಂತ ಮೇಲಕ್ಕೆ ಬಿದ್ದೊಡನೆ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ. ಅದು ಹಿಂದಕ್ಕೆ ಮಗುಚಿ ಚಾಲಕನನ್ನು ಅಡಿಯಲ್ಲಿ ಹಾಕಿಕೊಳ್ಳುವುದಕ್ಕೆ ಎರಡು ಸೆಕೆಂಡು ಕೂಡ ಬೇಕಾಗುವುದಿಲ್ಲ. ಎಳೆಯುವ ಸರಪಣಿಯನ್ನು ಅಚ್ಚಿನ ಕೆಳಗಿರುವ ಎಳೆಪಟ್ಟಿಗೆ ಮಾತ್ರವೇ ಕಟ್ಟತಕ್ಕದ್ದು. ಹೂತ ಚಕ್ರಕ್ಕೆ ಮರದ ತುಂಡನ್ನು ಬಿಗಿದು ಮುಂದಕ್ಕೆ ನಡೆಯಿಸುವುದೂ ಇದೇ ಫಲವನ್ನು ಕೊಡುತ್ತದೆ. ಏಕೆಂದರೆ ಚಕ್ರವು ತಿರುಗಲಾರದೆ ಹೋದರೆ ಯಂತ್ರದ ಮೈಯೇ ಚಕ್ರದ ಸುತ್ತ ತಿರುಗುವುದು. ಅಂತೆಯೇ ಭಾರವಾದ ಉಪಕರಣವನ್ನು ಚಿಕ್ಕ ಟ್ರಾಕ್ಟರಿಗೆ ಹೂಡಿ ನಾಲೆಯ ಏರಿಯನ್ನು ಹತ್ತುವಾಗ ಮುಂದಿನ ಚಕ್ರಗಳು ನೆಲವನ್ನು ಬಿಡುತ್ತವೆ. ಟ್ರಾಕ್ಟರಿನ ತೂಕದಲ್ಲಿ ಐದನೆಯ ಒಂದು ಭಾಗವಾದರೂ ಮುಂಚಕ್ರಗಳ ಮೇಲಿರಬೇಕೆಂಬುದು ನಿಯಮ. ಸಾಲದಿದ್ದರೆ ಮುಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಹಾಕಬೇಕು. ಮುಂದೆ ಆಳುಗಳನ್ನು ಕೂರಿಸಿ ತೂಕ ಮಾಡುವುದು ಹುಚ್ಚುತನ.

ಇಷ್ಟನ್ನು ಹೇಳಿದಾಗ ಯಜಮಾನರು ಕೊಡತಕ್ಕ ಉತ್ತರಗಳು ಬಹುಮಟ್ಟಿಗೆ ಮೂರು ಬಗೆಯವು. ಹದ ತಪ್ಪಿದರೆ ಬೆಳೆ ತಪ್ಪುತ್ತದೆ, ಮೃಗಶಿರೆಯ ಮಳೆ ಯಾರಿಗೂ ಕಾಯುವುದಿಲ್ಲ, ಆದ್ದರಿಂದ ನಿಧಾನಕ್ಕೆ ಅವಕಾಶವಿಲ್ಲ ಎಂಬುದು ಒಂದು. ಈ ಮಾತಿನಲ್ಲಿ ನಿಜಾಂಶವಿಲ್ಲದಿಲ್ಲ. ಬಾಡಿಗೆಯ ಟ್ರಾಕ್ಟರು ಗಂಟೆಯ ಲೆಕ್ಕದಲ್ಲಿ ಬರುತ್ತದೆ. ಒಬ್ಬನ ಗದ್ದೆಯಲ್ಲಿ ಅದು ನಿಂತರೆ ಹತ್ತು ಮಂದಿಯ ಸರದಿ ಹಿಂದೆ ಬೀಳುತ್ತದೆ. ಆದರೆ ಇಂಜಿನು ನಿಲ್ಲಿಸಿ ಇಳಿದು ಕ್ರಮವಾಗಿ ಹೂಡುವುದಕ್ಕೆ ತಗಲುವ ಹೆಚ್ಚಿನ ಕಾಲವು ಕೆಲವೇ ನಿಮಿಷಗಳು. ಒಬ್ಬನ ಕೈ ನಜ್ಜಿದರೆ ಆ ದಿನದ ಕೆಲಸವೂ, ಪೋಲೀಸು ಪಂಚನಾಮೆಗಾಗಿ ಮುಂದಿನ ದಿನಗಳ ಕೆಲಸವೂ ನಿಲ್ಲುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಇಲ್ಲಿ ಲೆಕ್ಕಾಚಾರದಿಂದಲೂ ಸತ್ಯವಾಗಿದೆ.

ಚಾಲಕನು ಹತ್ತು ವರ್ಷಗಳಿಂದ ಹೀಗೆಯೇ ಹೂಡುತ್ತಿದ್ದಾನೆ, ಏನೂ ಆಗಿಲ್ಲ ಎಂಬುದು ಎರಡನೆಯ ಉತ್ತರ. ಚಾಲಕನು ಪೀಠದ ಮೇಲಿರುವುದರಿಂದ ಅವನಿಗೆ ಏನೂ ಆಗಿಲ್ಲ. ನಡುವೆ ನಿಲ್ಲುವವರು ವರ್ಷ ವರ್ಷವೂ ಬೇರೆ ಬೇರೆಯ ಹುಡುಗರು. ಅವರಿಗೆ ಹತ್ತು ವರ್ಷದ ಅನುಭವವಿಲ್ಲ; ಕೆಲವರಿಗೆ ಹತ್ತು ದಿನದ್ದೂ ಇಲ್ಲ. ‘ಬೇಡ’ ಎನ್ನುವ ಧೈರ್ಯವೂ ಅವರಿಗಿಲ್ಲ. ಎಂದರೆ ನಾಳೆಯ ಕೂಲಿ ತಪ್ಪುವುದೆಂಬ ಭಯವುಂಟು. ಈ ಪ್ರಶ್ನೆಯ ತಿರುಳು ಇಲ್ಲಿದೆ. ಅಪಾಯವನ್ನು ಹೊರುವವನು ಒಬ್ಬ, ಅವಸರವನ್ನು ಹೇರುವವನು ಮತ್ತೊಬ್ಬ ಆಗಿರುವಷ್ಟು ಕಾಲ ಪದ್ಧತಿಯು ತಾನಾಗಿಯೇ ಸುಧಾರಿಸಲಾರದು. ಸುಧಾರಿಸತಕ್ಕ ಅಧಿಕಾರವುಳ್ಳವನು ಯಜಮಾನನೊಬ್ಬನೇ.

ಹೊದಿಕೆಯಿದ್ದರೆ ಕೀಲಿಗೆ ಗ್ರೀಸು ಹಚ್ಚಲು ತೊಂದರೆ ಎಂಬುದು ಮೂರನೆಯದು. ತೊಂದರೆಯುಂಟು, ನಿಜ. ಹೊದಿಕೆಯನ್ನು ಸರಿಸಿ ಹಚ್ಚಿ ಮತ್ತೆ ಕೂರಿಸಲು ಒಂದಿಷ್ಟು ಹೊತ್ತು ಬೇಕು. ಆ ಒಂದಿಷ್ಟು ಹೊತ್ತಿಗಾಗಿ ಇಡೀ ಸುಗ್ಗಿಯ ಕಾಲ ದಂಡವನ್ನು ಬೆತ್ತಲೆಯಾಗಿ ಬಿಡುವುದು, ತೊಳೆಯಲು ಅಡ್ಡಿಯಾಗುವುದೆಂದು ಬಾವಿಯ ಕಟ್ಟೆಯನ್ನೇ ಕೆಡವಿದಂತೆ.

ಕಾರ್ಖಾನೆಗಳ ದೃಷ್ಟಾಂತವು ಈ ಸೀಮೆಯವರಿಗೆ ದೂರದ್ದಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿಯೂ, ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಲ್ಲಿಯೂ ದುಡಿದ ಕುಟುಂಬಗಳು ಭದ್ರಾವತಿಯಲ್ಲಿ ಅಸಂಖ್ಯಾತ. ೧೯೪೮ನೇ ಇಸವಿಯ ಕಾರ್ಖಾನೆಗಳ ಶಾಸನವು ತಿರುಗುವ ಯಂತ್ರಭಾಗಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು; ಚಲಿಸುವ ಯಂತ್ರದ ಬಳಿ ಪರೀಕ್ಷೆಯೇ ಮುಂತಾದ ಕೆಲಸಕ್ಕೆ ಹೋಗುವವನು ತರಬೇತು ಹೊಂದಿದ ವಯಸ್ಕನಾಗಿದ್ದು ಬಿಗಿಯಾದ ಉಡುಪನ್ನು ಧರಿಸಿರಬೇಕೆಂದೂ ಗೊತ್ತುಮಾಡಿತು. ಕಾರ್ಖಾನೆಯ ಬಾಗಿಲಿನೊಳಗೆ ಬೇಲಿಯಿಲ್ಲದೆ ತಿರುಗಬಾರದ ದಂಡವು, ಬಾಗಿಲಿನಿಂದ ಎರಡು ಮೈಲಿ ಆಚೆಯ ಹೊಲದಲ್ಲಿ ಬೆತ್ತಲೆಯಾಗಿ ತಿರುಗುತ್ತದೆ. ತಂದೆಯು ಯಾವ ಎಚ್ಚರದಿಂದ ನಿವೃತ್ತಿಯ ತನಕ ಕೈಕಾಲು ಉಳಿಸಿಕೊಂಡನೋ, ಆ ಎಚ್ಚರವನ್ನು ಮಗನು ತೋಟದಲ್ಲಿ ಮರೆತಿದ್ದಾನೆ. ಒಕ್ಕಣೆಯ ಯಂತ್ರಗಳಲ್ಲಿ ಕೈ ಕಳೆದುಕೊಂಡವರು ಹೆಚ್ಚಿದುದರಿಂದ ೧೯೮೩ರಲ್ಲಿ ಭಾರತ ಸರ್ಕಾರವು ಅಪಾಯಕಾರಿ ಯಂತ್ರಗಳ ನಿಯಂತ್ರಣ ಶಾಸನವನ್ನು ತಂದಿತು. ಸ್ವೀಡನ್ ದೇಶವು ೧೯೫೯ರಿಂದ ಹೊಸ ಟ್ರಾಕ್ಟರುಗಳಿಗೆಲ್ಲ ಮಗುಚಿದರೂ ಚಾಲಕನನ್ನು ಕಾಯುವ ಚೌಕಟ್ಟು ಇರಬೇಕೆಂದು ಕಡ್ಡಾಯ ಮಾಡಿ ಅನೇಕ ಪ್ರಾಣಗಳನ್ನು ಉಳಿಸಿಕೊಂಡಿತು. ಆದರೆ ಶಾಸನವು ಪ್ರತಿಯೊಂದು ಗದ್ದೆಯ ಬದುವಿನ ಮೇಲೂ ನಿಂತು ಕಾವಲಿರಲಾರದು. ಅಲ್ಲಿ ನಿಲ್ಲತಕ್ಕವನು ಯಜಮಾನನೇ.

ಗ್ರಾಮಮುಖ್ಯರಿಂದ ಆಗಬಹುದಾದ ಕೆಲಸಗಳು ಕೆಲವುಂಟು. ಗ್ರಾಮದ ಕಣದ ಬಳಿ ಒಂದು ಸಮನಾದ ಜಾಗವನ್ನು ಗೊತ್ತುಮಾಡಿ, ಗಟ್ಟಿಮಾಡಿಸಿ, ಉಪಕರಣಗಳನ್ನು ಹೂಡುವುದೂ ಬಿಚ್ಚುವುದೂ ಅಲ್ಲಿಯೇ ನಡೆಯತಕ್ಕದ್ದೆಂದು ಕಟ್ಟುಮಾಡಬಹುದು. ಗದ್ದೆಯಲ್ಲಿ ಬಿಚ್ಚಬೇಕಾಗಿ ಬಂದರೆ ದಿಮ್ಮಿಗಳನ್ನು ಜೊತೆಗೆ ಒಯ್ಯಬೇಕು. ತಕ್ಕ ದಪ್ಪದ ಗೂಟಗಳನ್ನೂ ಕಡಾಣಿಗಳನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಗ್ರಾಮ ಪಂಚಾಯಿತಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಸಿಕ್ಕುವಂತೆ ಮಾಡಿದರೆ, ಸರಳು ಕತ್ತರಿಸುವ ನೆವವು ತಪ್ಪುವುದು. ಯಂತ್ರಗಳನ್ನು ಬಾಡಿಗೆಗೆ ಕೊಡುವವರೊಡನೆ, ಹೊದಿಕೆಯಿಲ್ಲದ ದಂಡವನ್ನು ಗ್ರಾಮದ ಎಲ್ಲೆಯೊಳಗೆ ತರಕೂಡದೆಂದು ಮೊದಲೇ ಮಾತಾಡಿಕೊಳ್ಳಬಹುದು. ಗಿರಾಕಿಗಳೆಲ್ಲರೂ ಒಂದೇ ಮಾತನ್ನಾಡಿದರೆ ಬಾಡಿಗೆಯವರು ಕೇಳಲೇಬೇಕು. ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ಮಹಾವಿದ್ಯಾಲಯವನ್ನೂ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ ವಿಚಾರಿಸಿ, ಬಲ್ಲವರಿಂದ ಕಣದಲ್ಲಿಯೇ ಒಂದು ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿಕೊಳ್ಳಬಹುದು. ಅದಕ್ಕೆ ಚಾಲಕರನ್ನು ಮಾತ್ರವಲ್ಲದೆ, ನಡುವೆ ನಿಲ್ಲತಕ್ಕ ಆಳುಗಳನ್ನೂ ಕೂಲಿ ಕೊಟ್ಟು ಕರೆಸುವುದು ಅವಶ್ಯ.

ಭೂಮಾಲೀಕರಾದರೋ ಮೂರು ನಿಯಮಗಳನ್ನು ತಮ್ಮ ಮನೆಯಲ್ಲಿ ಇಂದಿನಿಂದಲೇ ನಡೆಯಿಸಬಹುದು. ಹದಿನೆಂಟು ವರ್ಷ ತುಂಬದವನು ಹೂಡುವ ಕೆಲಸಕ್ಕೆ ಬರಕೂಡದು. ಇಂಜಿನು ನಿಂತು ಬೀಗದ ಕೈ ಚಾಲಕನ ಜೇಬಿಗೆ ಸೇರುವ ತನಕ ನಡುವೆ ಯಾರೂ ಹೋಗಕೂಡದು. ಈ ನಿಯಮದಂತೆ ನಡೆದು ಕೆಲಸ ತಡವಾದರೆ ಯಾವ ಆಳಿಗೂ ಚಾಲಕನಿಗೂ ಕೂಲಿ ಮುರಿಯಕೂಡದು. ಮೂರನೆಯದಿಲ್ಲದೆ ಮೊದಲಿನ ಎರಡು ನಿಲ್ಲಲಾರವು.

ರೋಹಿಣಿಯ ಮಳೆ ಬೀಳುವುದಕ್ಕೆ ಮೊದಲು, ಟ್ರಾಕ್ಟರುಗಳು ಇನ್ನೂ ಕೊಟ್ಟಿಗೆಯಲ್ಲಿರುವಾಗಲೇ, ಪ್ರತಿಯೊಬ್ಬ ಯಜಮಾನನೂ ತನ್ನ ಉಪಕರಣದ ಗೂಟಗಳನ್ನು ಕೈಯಲ್ಲಿ ಹಿಡಿದು ನೋಡಿ, ಸವೆದುದನ್ನು ಬದಲಾಯಿಸಿ, ಮೂಲೆಗೆ ಎಸೆದ ಹೊದಿಕೆಯನ್ನು ಹುಡುಕಿ ತಂದು ದಂಡಕ್ಕೆ ತೊಡಿಸಿದರೆ ಈ ವರ್ಷದ ಕೆಲಸದಲ್ಲಿ ಅರ್ಧವು ಆದಂತಾಯಿತು. ಉಳಿದ ಅರ್ಧವು ಮೊದಲ ದಿನ ಹೂಡುವಾಗ ಅವನು ತಾನೇ ಬಳಿಯಲ್ಲಿ ನಿಂತು ನೋಡುವುದು. ಗ್ರಾಮಮುಖ್ಯರೂ ಭೂಮಾಲೀಕರೂ ಈ ಎರಡನ್ನೂ ಬರುವ ಮುಂಗಾರಿನಲ್ಲಿಯೇ ಆಚರಣೆಗೆ ತರುವುದು ಅತ್ಯಂತ ಅವಶ್ಯಕವಾಗಿದೆ.